ಶಿರಸಿಯಿಂದ ಗಾಜಿಯಾಬಾದ್: ಬೆಂಗಳೂರು ಸುತ್ತಿಯೋ, ಗೋವಾಕ್ಕೆ ಇಳಿದೋ, ಹುಬ್ಬಳ್ಳಿಯಿಂದ ನೇರವೋ?

ನನ್ನ ತಂಗಿಯ ಮನೆ ದೆಹಲಿ ಪಕ್ಕದ ಗಾಜಿಯಾಬಾದಿನ ವಸುಂಧರಾದಲ್ಲಿದೆ. ನಾವಿರುವುದು ಶಿರಸಿಯಲ್ಲಿ. ಅವಳ ಮನೆಗೆ ನಾನು ನಾಲ್ಕು ದಾರಿಯಲ್ಲಿ ಹೋಗಿ ಬಂದಿದ್ದೇನೆ. ಎರಡು ಸಲ ಆಯಿಯೂ (ನಮ್ಮಮ್ಮ) ಜೊತೆಗಿದ್ದಳು. ಆಯಿಗೆ ಎಪ್ಪತ್ತು ದಾಟಿದೆ, ಮೊಣಕಾಲು ನೋವು ಬೇರೆ. ಹಾಗಾಗಿ ನಾನು ಮೊದಲು ನೋಡುವುದು ಟಿಕೆಟ್ ದರ ಅಲ್ಲ. ನಮ್ಮನೆ ಜಗಲಿಯಿಂದ ತಂಗಿ ಮನೆ ಬಾಗಿಲಿಗೆ ಎಷ್ಟು ಗಂಟೆ ಬೇಕು, ನಡುವೆ ಎಷ್ಟು ಸಲ ಹತ್ತಿ ಇಳಿಯಬೇಕು ಅನ್ನುವುದು.

ಮೊದಲು ಹೋಗಿದ್ದು ಎಲ್ಲರೂ ಹೋಗುವ ಬೆಂಗಳೂರು ದಾರಿ. ರಾತ್ರಿ ಎಂಟೂವರೆಗೆ ಶಿರಸಿಯಲ್ಲಿ ಬಸ್ಸು ಹತ್ತಿದೆವು. 400 ಕಿ.ಮೀ. ಹತ್ತಿರ ಬಸ್ಸು. ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು, ಮತ್ತೆ ದೇವನಹಳ್ಳಿ ಕಡೆಗೆ ಇನ್ನೊಂದು ಬಸ್ಸು. ದೆಹಲಿಯಲ್ಲಿ ಇಳಿದ ಮೇಲೂ ಮುಗಿಯಲಿಲ್ಲ. ಅಲ್ಲಿನ ದೊಡ್ಡ ವಿಮಾನ ನಿಲ್ದಾಣ ಇರುವುದು ಊರಿನ ನೈರುತ್ಯಕ್ಕೆ, ಗಾಜಿಯಾಬಾದ್ ಪೂರ್ವಕ್ಕೆ. ಇಡೀ ದೆಹಲಿ ದಾಟಿ ಮನೆ ಮುಟ್ಟುವಾಗ ಸಂಜೆ ನಾಲ್ಕು. ಹತ್ತೊಂಬತ್ತೂವರೆ ಗಂಟೆ! ಅದರಲ್ಲಿ ಆಕಾಶದಲ್ಲಿದ್ದದ್ದು ಮೂರು ಗಂಟೆಗಿಂತ ಕಡಿಮೆ. ಉತ್ತರಕ್ಕೆ ಹೋಗಬೇಕಾದವರು ರಾತ್ರಿಯಿಡೀ ದಕ್ಷಿಣಕ್ಕೆ ಹೋಗಿದ್ದೆವು. ಆಯಿಯ ಕಾಲು ಬಾತುಕೊಂಡಿತ್ತು. ಅವತ್ತೇ ನಾನು ಬೇರೆ ದಾರಿ ಹುಡುಕಲು ಶುರು ಮಾಡಿದ್ದು.

ದೊಡ್ಡ ನಿಲ್ದಾಣಗಳ ವ್ಯವಸ್ಥೆ ನಮಗೆ ಹೊಸದೇನಲ್ಲ. ಶಿರಸಿ ಬಸ್ ಸ್ಟ್ಯಾಂಡ್ ನೋಡಿದರೆ ಸಾಕು. ಸುತ್ತಲಿನ ಹಳ್ಳಿ ಬಸ್ಸುಗಳೆಲ್ಲ ಅಲ್ಲಿಗೆ ಬರುತ್ತವೆ. ಜನ ಇಳಿದು ಹುಬ್ಬಳ್ಳಿಗೋ ಕುಮಟೆಗೋ ಬೇರೆ ಬಸ್ಸು ಹಿಡಿಯುತ್ತಾರೆ. ಪ್ರತಿ ಹಳ್ಳಿಯಿಂದ ಪ್ರತಿ ಊರಿಗೆ ಬಸ್ಸು ಬಿಟ್ಟರೆ ಸೀಟು ತುಂಬುವುದಿಲ್ಲ. ವಿಮಾನ ಕಂಪನಿಗಳದೂ ಇದೇ ಲೆಕ್ಕ. ಜನರನ್ನು ಒಂದೆಡೆ ಸೇರಿಸಿದರೆ 180 ಸೀಟಿನ ವಿಮಾನ ತುಂಬುತ್ತದೆ. ಅವರಿಗೆ ಅದು ಸರಿ. ಮೂಲೆಯ ಊರಿನ ನಮಗೆ ಮಾತ್ರ ದಾರಿ ಉದ್ದ ಆಗುತ್ತದೆ, ಅಲ್ವಾ?

ಎರಡನೇ ಸಲ ಗೋವಾ. ನಸುಕಿನ ಐದಕ್ಕೆ ಹೊರಟು, ದೇವಿಮನೆ ಘಟ್ಟ ಇಳಿದು ಕುಮಟೆ. ಅಲ್ಲಿಂದ ಕೊಂಕಣ ರೈಲಿನಲ್ಲಿ ಮಡಗಾಂವ್, ಆಮೇಲೆ ಟ್ಯಾಕ್ಸಿಯಲ್ಲಿ ದಾಬೋಲಿಂ ವಿಮಾನ ನಿಲ್ದಾಣ. ಕಾರವಾರ, ಅಂಕೋಲೆಯವರಿಗೆ ಇದೇ ಒಳ್ಳೆಯ ದಾರಿ. ಕಾರವಾರದಿಂದ ದಾಬೋಲಿಂ 90 ಕಿ.ಮೀ. ಆಸುಪಾಸು, ದೆಹಲಿಗೆ ನೇರ ವಿಮಾನಗಳೂ ಬೇಕಾದಷ್ಟು. ಘಟ್ಟದ ಮೇಲಿನ ನಮಗೆ ಮಾತ್ರ ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ. ಮನೆ ಮುಟ್ಟಲು ಹದಿನಾಲ್ಕು ಗಂಟೆ ಹಿಡಿಯಿತು. ದಾಬೋಲಿಂ ನೌಕಾಪಡೆಯ ನೆಲೆ. ವಾರದ ದಿನಗಳಲ್ಲಿ ಬೆಳಗಿನ ಕೆಲ ಗಂಟೆ ಅವರ ತರಬೇತಿಗೆ ಮೀಸಲಾಗಿರುತ್ತದೆ. ಇನ್ನೊಂದು ಮಾತು. 2023ರ ಜನವರಿಯಿಂದ ಮೋಪಾದಲ್ಲೂ ವಿಮಾನ ಇಳಿಯುತ್ತಿವೆ. ಅದು ಗೋವಾದ ಉತ್ತರದ ತುದಿ. ಟಿಕೆಟ್ ಮೇಲೆ ಜಿಒಐ ಅಂತಿದ್ದರೆ ದಾಬೋಲಿಂ, ಜಿಒಎಕ್ಸ್ ಅಂತಿದ್ದರೆ ಮೋಪಾ. ಬುಕ್ ಮಾಡುವಾಗಲೇ ನೋಡಿಕೊಳ್ಳಿ. ಮಡಗಾಂವ್‌ನಲ್ಲಿ ಇಳಿದ ಮೇಲೆ ಗೊತ್ತಾದರೆ ಕಷ್ಟ.

ಮೂರನೆಯದು ನನ್ನ ಮನಸ್ಸಿಗೆ ಹತ್ತಿರವಾದ ದಾರಿ. 2019ರ ನವೆಂಬರ್‌ನಲ್ಲಿ ಸ್ಟಾರ್ ಏರ್‌ನವರು ಹುಬ್ಬಳ್ಳಿಯಿಂದ ಹಿಂಡನ್‌ಗೆ ನೇರ ವಿಮಾನ ಬಿಟ್ಟರು. ಹಿಂಡನ್ ಇರುವುದು ಗಾಜಿಯಾಬಾದಿನಲ್ಲೇ. ಅದು ವಾಯುಪಡೆಯ ನೆಲೆ, ಅಕ್ಟೋಬರ್ 8ರ ವಾಯುಪಡೆ ದಿನದ ಪ್ರದರ್ಶನ ಬಹಳ ವರ್ಷ ನಡೆದದ್ದು ಅಲ್ಲೇ. ಅದರ ಪಕ್ಕದಲ್ಲಿ ಜನರಿಗಾಗಿ ಸಣ್ಣ ಟರ್ಮಿನಲ್ ಕಟ್ಟಿ, ಮೊದಲು ಉಡಾನ್ ಯೋಜನೆಯ (ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಓಡಿಸಲು ಕೇಂದ್ರ ಸರ್ಕಾರ ಮಾಡಿದ ಯೋಜನೆ) ವಿಮಾನಗಳಿಗಷ್ಟೇ ಅವಕಾಶ ಕೊಟ್ಟಿದ್ದರು. ಅಂದರೆ ಈ ಒಂದು ವಿಮಾನ ಬೆಂಗಳೂರನ್ನೂ ಬಿಟ್ಟಿತು, ದೆಹಲಿಯನ್ನೂ ಬಿಟ್ಟಿತು. ನಮ್ಮಂಥವರ ಮನೆ ಹತ್ತಿರ ಹತ್ತಿಸಿ, ತಂಗಿಯಂಥವರ ಮನೆ ಹತ್ತಿರ ಇಳಿಸಿತು.

ಬೆಳಗ್ಗೆ ಒಂಬತ್ತಕ್ಕೆ ತಿಂಡಿ ತಿಂದು ಹೊರಟೆವು. ಮುಂಡಗೋಡ, ತಡಸ ದಾಟಿ ಗೋಕುಲ ರಸ್ತೆಯ ನಿಲ್ದಾಣಕ್ಕೆ ಎರಡೂವರೆ ಗಂಟೆ. ವಿಮಾನ 50 ಸೀಟಿನ ಎಂಬ್ರೇಯರ್. ಒಂದು ಕಡೆ ಒಂಟಿ ಸೀಟು, ಇನ್ನೊಂದು ಕಡೆ ಎರಡು. ನಡುವಿನ ಸೀಟು ಅನ್ನುವುದೇ ಇಲ್ಲ. ಆಯಿಗೆ ಒಂಟಿ ಸೀಟು ಸಿಕ್ಕಿತು. ಕಿಟಕಿಯೂ ಅವಳದೇ, ಓಡಾಡುವ ದಾರಿಯೂ ಪಕ್ಕದಲ್ಲೇ. ಕಾಲು ಚಾಚಿಕೊಂಡು ಕೂತಳು. ಇಂಜಿನ್ ಬಾಲದ ಹತ್ತಿರ ಇರುವುದರಿಂದ ಮುಂದೆ ಕೂತವರಿಗೆ ಸದ್ದು ಕಡಿಮೆ. ತಲೆ ಮೇಲಿನ ಗೂಡು ಮಾತ್ರ ಬಹಳ ಚಿಕ್ಕದು. ದೊಡ್ಡ ಟ್ರಾಲಿ ಹಿಡಿಸುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಲಗೇಜಿಗೆ ಹೋಯಿತು. ತೊಡದೇವು ಪುಡಿಯಾದೀತು ಅಂತ ಆಯಿ ಇಡೀ ದಾರಿ ಮಡಿಲಲ್ಲೇ ಇಟ್ಟುಕೊಂಡಳು. ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಹಿಂಡನ್. ಹೊರಗೆ ಬರಲು ಹತ್ತು ನಿಮಿಷ, ಭಾವನ ಕಾರಿನಲ್ಲಿ ಅರ್ಧ ಗಂಟೆ. "ಇಷ್ಟೇಯನಾ ತಮಾ?" ಅಂತ ಆಯಿ ಕೇಳಿದಳು. ಒಟ್ಟು ಎಂಟು ಗಂಟೆಯೂ ಆಗಿರಲಿಲ್ಲ. ಟಿಕೆಟ್ ನಾಲ್ಕು ಸಾವಿರದ ಒಳಗೇ ಸಿಕ್ಕಿತ್ತು.

2020ರ ಮಾರಿಕಾಂಬಾ ಜಾತ್ರೆಗೆ ತಂಗಿ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಬಂದಿದ್ದು ಇದೇ ವಿಮಾನದಲ್ಲಿ. ಜಾತ್ರೆ ಮುಗಿದು ಎರಡು ವಾರಕ್ಕೆ, ಮಾರ್ಚ್ 25ರಿಂದ, ದೇಶದ ಒಳಗಿನ ವಿಮಾನಗಳೆಲ್ಲ ನಿಂತವು. ಅಷ್ಟರೊಳಗೆ ಒಮ್ಮೆ ಬಂದು ಹೋದಳಲ್ಲ ಅಂತ ಆಯಿ ಈಗಲೂ ಹೇಳುತ್ತಾಳೆ.

ಈ ದಾರಿಯ ಕಷ್ಟವೂ ನನಗೆ ಚೆನ್ನಾಗಿ ಗೊತ್ತು. ಒಂದು ಮಳೆಗಾಲದಲ್ಲಿ ಮುಂಡಗೋಡ ರಸ್ತೆಗೆ ಮರ ಬಿದ್ದಿತ್ತು. ನಿಲ್ದಾಣಕ್ಕೆ ಹೋಗುವಾಗ ಚೆಕ್-ಇನ್ ಮುಚ್ಚಿ ಇಪ್ಪತ್ತು ನಿಮಿಷ ಆಗಿತ್ತು. ದೊಡ್ಡ ನಿಲ್ದಾಣವಾಗಿದ್ದರೆ ಸಂಜೆ ಇನ್ನೊಂದು ವಿಮಾನ ಸಿಗುತ್ತಿತ್ತು. ಇದು ವಾರದಲ್ಲಿ ಕೆಲವೇ ದಿನ ಇದ್ದ ವಿಮಾನ. ಮುಂದಿನದು ಎರಡು ದಿನ ಬಿಟ್ಟು. ಕೊನೆಗೆ ಹುಬ್ಬಳ್ಳಿಯಿಂದಲೇ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋದೆ. ಚಳಿಗಾಲದಲ್ಲಿ ಉತ್ತರದ ಮಂಜು ಕವಿದರೂ ಇದೇ ಪಾಡು. ಹಾಗಾಗಿ ಮರುದಿನವೇ ಪರೀಕ್ಷೆ, ಇಂಟರ್‌ವ್ಯೂ, ಆಪರೇಷನ್ ಇದ್ದವರಿಗೆ ನಾನು ಬೆಂಗಳೂರು ಅಥವಾ ಗೋವಾ ದಾರಿಯನ್ನೇ ಹೇಳುತ್ತೇನೆ. ದಿನ ಹಿಂದೆ ಮುಂದೆ ಮಾಡಿಕೊಳ್ಳಬಲ್ಲವರಿಗೆ, ವಯಸ್ಸಾದವರಿಗೆ, ಮಕ್ಕಳ ಜೊತೆ ಹೋಗುವವರಿಗೆ ನೇರ ವಿಮಾನದಷ್ಟು ಸುಖ ಬೇರೆ ಇಲ್ಲ.

ಇಂಥ ರೂಟುಗಳ ಆಯುಸ್ಸಿನ ವಿಷಯವೂ ತಿಳಿದಿರಲಿ. ಉಡಾನ್‌ನಲ್ಲಿ ಸುಮಾರು ಅರ್ಧದಷ್ಟು ಸೀಟುಗಳಿಗೆ ದರದ ಮಿತಿ ಇರುತ್ತದೆ. ಅದರ ನಷ್ಟ ತುಂಬಲು ಸರ್ಕಾರ ಹಣ ಕೊಡುವುದು 3 ವರ್ಷ ಮಾತ್ರ. ಆಮೇಲೆ ರೂಟು ತನ್ನ ಕಾಲ ಮೇಲೆ ನಿಲ್ಲಬೇಕು. ವಿಮಾನಗಳ ವೇಳಾಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಆ ದಿನಗಳ ಆಚೆಗೆ ಟಿಕೆಟ್ ಮಾಡುವ ಮೊದಲು ರೂಟು ಇದೆಯಾ, ವಾರದ ಯಾವ ಯಾವ ದಿನ ಇದೆ ಅಂತ ನೋಡಲೇಬೇಕು.

ನಾಲ್ಕನೆಯದು 2022ರ ನವೆಂಬರ್‌ನಲ್ಲಿ ಶುರುವಾದ ಇಂಡಿಗೋದ ಹುಬ್ಬಳ್ಳಿ–ದೆಹಲಿ ನೇರ ವಿಮಾನ. ವಿಮಾನ ದೊಡ್ಡದು, ಲಗೇಜಿಗೆ ಜಾಗ ಜಾಸ್ತಿ. ನಮ್ಮ ಕಡೆಯ ಸುತ್ತು ತಪ್ಪಿತು, ದೆಹಲಿ ದಾಟುವ ಕೆಲಸ ಉಳಿಯಿತು. ನನಗೆ ಹತ್ತು ಗಂಟೆ ಹಿಡಿಯಿತು. ಆಯಿಯನ್ನು ಬೆಂಗಳೂರು ಬಸ್ಸಿಗಂತೂ ಇನ್ನು ಹತ್ತಿಸುವುದಿಲ್ಲ. ಹಿಂಡನ್ ಟಿಕೆಟ್ ಇದ್ದರೆ ಅದು, ಇಲ್ಲದಿದ್ದರೆ ಇದು.