ಮಾರ್ಪಲ್ ಆಯಿಯೋ, ರಾಮೋಟ್ಸ್ವೆ ಅಕ್ಕನೋ?

ವಿಜಯಪುರ-ಬಾಗಲಕೋಟೆ ರೈಲಿನಲ್ಲಿ ಓದಲು ‘ಪತ್ತೇದಾರಿ ಬೇಕು, ರಕ್ತ ಬೇಡ’ ಎನ್ನುವವರಿಗೆ ನಾನು ಹೇಳುವುದು ಎರಡೇ ಹೆಸರು.

ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್‌ಳ ಮೊದಲ ಕಾದಂಬರಿ ಬಂದದ್ದು 1930ರಲ್ಲಿ. ಉಲ್ಲನ್ ಹೆಣೆಯುತ್ತ ಕೂತ ಈ ಮುದುಕಿಗೆ ಶಂಕಿತನನ್ನು ಕಂಡರೆ ತನ್ನ ಹಳ್ಳಿಯ ಯಾರೋ ಕಿಲಾಡಿ ನೆನಪಾಗುತ್ತಾನೆ, ಅಲ್ಲಿಂದಲೇ ಗಂಟು ಬಿಚ್ಚಿಕೊಳ್ಳುತ್ತದೆ. ಯಾರ ಮನೆಗೆ ಯಾವ ಬೀಗರು ಬಂದರೆಂದು ಕಟ್ಟೆ ಮೇಲಿಂದಲೇ ಹೇಳುವ ನಮ್ಮ ಓಣಿಯ ಆಯಿ ಇದ್ದಾಳಲ್ಲ, ಥೇಟ್ ಅವಳೇ! ಆದರೆ ಇಲ್ಲಿ ಕೊಲೆ ಖಾತ್ರಿ. ಒಂದು ಸುಳಿವು ತಪ್ಪಿದರೂ ಪುಟ ಹಿಂದಕ್ಕೆ ತಿರುವಬೇಕು. ಆಲಮಟ್ಟಿಯ ಹತ್ತಿರ ಕೃಷ್ಣೆಯನ್ನು ನೋಡುತ್ತ ಕೂರುವವರಿಗೆ ಕಷ್ಟ.

ಅಲೆಕ್ಸಾಂಡರ್ ಮೆಕಾಲ್ ಸ್ಮಿತ್ 1998ರಲ್ಲಿ ಪರಿಚಯಿಸಿದ ರಾಮೋಟ್ಸ್ವೆ, ಅಪ್ಪ ಬಿಟ್ಟುಹೋದ ದನ ಮಾರಿ ಬೋಟ್ಸ್ವಾನಾದಲ್ಲಿ ಪತ್ತೇದಾರಿ ಆಫೀಸು ತೆರೆದವಳು. ಕೊಲೆ ಅಪರೂಪ. ಕಾಣೆಯಾದ ಗಂಡ, ‘ನಿನ್ನಪ್ಪ ನಾನೇ’ ಎಂದು ಬಂದು ತಳವೂರಿದವನು, ನಡುನಡುವೆ ಚಹಾ. ನಾಲ್ಕು ಪುಟ ಓದಿ, ಚುರುಮುರಿ ತಿಂದು, ಮತ್ತೆ ಓದಬಹುದು.

ನನ್ನ ವೋಟು ಆಯಿಗೇ. ಕೊನೆಯ ಪುಟವನ್ನು ಮೊದಲೇ ಓದಿಬಿಡುವ ನನ್ನ ತಂಗಿಯ ವೋಟು ಮಾತ್ರ ರಾಮೋಟ್ಸ್ವೆಗೆ.