ಎರಡು ವರ್ಷ ಓದಿಸಿದ ಮೇಲೆ: ‘ಇನ್ವೆಸ್ಟಿಗೇಟರ್ಸ್’ ಪತ್ತೇದಾರಿ ಕಾಮಿಕ್ಸ್

ಜಾನ್ ಪ್ಯಾಟ್ರಿಕ್ ಗ್ರೀನ್ ಅವರ ಈ ಇಂಗ್ಲಿಷ್ ಸರಣಿಯ ಮೊದಲ ಪುಸ್ತಕ ಬಂದದ್ದು 2020ರಲ್ಲಿ. ಮ್ಯಾಂಗೊ ಮತ್ತು ಬ್ರ್ಯಾಶ್ ಎಂಬ ಎರಡು ಆಲಿಗೇಟರ್‌ಗಳೇ ಪತ್ತೇದಾರರು. ಕಮೋಡಿನಿಂದ ಗಟಾರಕ್ಕಿಳಿದು ಊರೆಲ್ಲ ಓಡಾಡುತ್ತಾರೆ, ಕಾಣೆಯಾದ ಮೀಸೆಯ ಬಾಣಸಿಗನನ್ನು ಹುಡುಕಲು ವೇಷ ಮರೆಸಿ ಬೇಕರಿ ಸೇರುತ್ತಾರೆ. ಧಾರವಾಡದ ಮಕ್ಕಳಿಗೆ ಎರಡು ವರ್ಷ ಓದಿಸಿದ ಮೇಲೆ ಹೇಳುತ್ತೇವೆ: ಪುಸ್ತಕ ಭಾಳ ಚಲೋ. ಆದರೆ ಸುಮ್ಮನೆ ಕೈಗಿಟ್ಟರೆ ಅರ್ಧ ನಗು ಪುಟದಲ್ಲೇ ಉಳಿಯುತ್ತದೆ.

ಕಾರಣ, ಇಲ್ಲಿಯ ನಗೆ ಇರುವುದು ಶಬ್ದ ಮುರಿದು ಕೂಡಿಸುವುದರಲ್ಲಿ. ಪತ್ತೇದಾರರ ಉಪಕರಣಗಳೆಲ್ಲ ಇರುವುದು ‘ವೆಸ್ಟ್’ನಲ್ಲಿ. ವಿ, ಇ, ಎಸ್, ಟಿ, ಅಂದರೆ ‘ವೆರಿ ಎಕ್ಸೈಟಿಂಗ್ ಸ್ಪೈ ಟೆಕ್ನಾಲಜಿ’. ನಮ್ಮ ಕಡೆ ವೆಸ್ಟ್ ಎಂದರೆ ಬನಿಯನ್! ಅಮೆರಿಕದಲ್ಲಿ ಅದು ಅಂಗಿಯ ಮೇಲೆ ಹಾಕುವ, ತೋಳಿಲ್ಲದ ಜಾಕೀಟು. ಅವರ ಸಂಸ್ಥೆಯ ಹೆಸರೂ ‘ಸೂಟ್’ ಆದ್ದರಿಂದ ಸೂಟಿಗೆ ವೆಸ್ಟ್ ಜೋಡಿ. ಇದನ್ನು ಹೇಳಿಕೊಡದಿದ್ದರೆ ಆ ಜೋಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕಿಂತ ದೊಡ್ಡ ಎಡವಟ್ಟು ಖಳನಾಯಕ ‘ಕ್ರ್ಯಾಕರ್‌ಡೈಲ್’ನದು. ಕ್ರ್ಯಾಕರ್ ಎಂದ ಕೂಡಲೇ ಮಕ್ಕಳು ದೀಪಾವಳಿಯ ಪಟಾಕಿ ಎಂದುಕೊಂಡು, ಈ ಮೊಸಳೆ ಯಾವಾಗ ಢಂ ಅನ್ನುತ್ತದೆ ಎಂದು ಕಾಯುತ್ತಾರೆ. ಕತೆಯಲ್ಲಿ ಒಂದು ಸ್ಫೋಟವೂ ಇರುವುದರಿಂದ ಗೊಂದಲ ಇನ್ನಷ್ಟು ಗಟ್ಟಿಯಾಗುತ್ತದೆ. ಅವನು ಉಪ್ಪು ಬಿಸ್ಕಿಟ್ಟಿನ ಮೊಸಳೆ ಎಂದು ಮೊದಲೇ ಹೇಳಿಬಿಡಬೇಕು. ಡಾಕ್ಟರೊಬ್ಬ ಹೆಲಿಕಾಪ್ಟರ್ ಆಗುವಂಥ ಚಿತ್ರದ ನಗೆಗೆ ಮಾತ್ರ ಯಾರ ವಿವರಣೆಯೂ ಬೇಡ. ಐದನೇ ಇಯತ್ತೆಯ ಕನ್ನಡ ಮಾಧ್ಯಮದ ಹುಡುಗರೂ ಬಿದ್ದು ಬಿದ್ದು ನಗುತ್ತಾರೆ.

ನಮಗೆ ಕೈಹಿಡಿದ ಕ್ರಮ ಹೀಗಿದೆ. ಒಂದು ಪ್ರತಿಗೆ ಮೂವರಿಗಿಂತ ಹೆಚ್ಚು ಮಕ್ಕಳನ್ನು ಕೂಡಿಸಬೇಡಿ. ಪುಟ ತಿರುವಿದ ಕ್ಷಣಕ್ಕೇ ನಗೆ ಸಿಡಿಯುವ ಜಾಗಗಳು ಬಹಳ, ಬದಿಯಿಂದ ಇಣುಕುವವರಿಗೆ ಅದು ತಪ್ಪುತ್ತದೆ. ಮೊದಲ ಸಲ ಬರೀ ಚಿತ್ರ ನೋಡಲಿ. ಎರಡನೇ ಸಲ ಇಬ್ಬರು ಮ್ಯಾಂಗೊ, ಬ್ರ್ಯಾಶ್ ಆಗಿ ಗಟ್ಟಿಯಾಗಿ ಓದಲಿ. 40 ನಿಮಿಷದ ಪಿರಿಯಡ್‌ನಲ್ಲಿ 15 ಪುಟ ಸಾಕು, ಅವಸರ ಮಾಡಿದರೆ ಮಾತು ಬಿಟ್ಟು ಚಿತ್ರದ ಹಿಂದೆ ಓಡುತ್ತಾರೆ. ಮೂರನೇ ಸಲ ನೋಟ್‌ಬುಕ್ ತೆಗೆದು, ಮುರಿಯುವ ಶಬ್ದಗಳನ್ನು ಎರಡು ತುಂಡು ಮಾಡಿ ಬರೆಯಲಿ: ಇನ್ವೆಸ್ಟಿಗೇಟರ್ ಒಂದು ಕಡೆ, ಆಲಿಗೇಟರ್ ಇನ್ನೊಂದು ಕಡೆ, ನಡುವೆ ಇಬ್ಬರಿಗೂ ಸೇರಿದ ‘ಗೇಟರ್’. ಇದು ತಿಳಿದ ದಿನವೇ ಕನ್ನಡದಲ್ಲೂ ಕಟ್ಟಲು ಶುರು ಮಾಡುತ್ತಾರೆ. ಬೇಂದ್ರೆಯವರ ಊರಲ್ಲಿ ಇದಕ್ಕಿಂತ ಒಳ್ಳೆಯ ಶಬ್ದಪಾಠ ಇನ್ನೇನು ಬೇಕು!

ಆಲಿಗೇಟರ್ ನಮ್ಮ ಮೊಸಳೆಯಲ್ಲ. ದಾಂಡೇಲಿಯ ಕಾಳಿ ಹೊಳೆಯಲ್ಲಿ ಮಕ್ಕಳು ನೋಡಿರುವುದು ಕ್ರೊಕೊಡೈಲ್ ಜಾತಿಯದು, ಬಾಯಿ ಮುಚ್ಚಿದರೂ ಅದರ ಕೆಳದವಡೆಯ ಹಲ್ಲು ಹೊರಗೆ ಕಾಣುತ್ತದೆ. ಆಲಿಗೇಟರ್‌ನದು ಕಾಣುವುದಿಲ್ಲ. ಬೋರ್ಡಿನ ಮೇಲೆ ಎರಡು ಮುಸುಡಿ ಬರೆದು ತೋರಿಸಿದರೆ ಎರಡು ನಿಮಿಷದ ಕೆಲಸ.

ಸುಮಾರು 200 ಪುಟದ ಬಣ್ಣದ ಪುಸ್ತಕ. ತೆರೆದು ಬೋರಲು ಹಾಕುವ ಚಟದಿಂದ ಬೆನ್ನು ಸೀಳುತ್ತದೆ, ನಡುವಿನ ಹಾಳೆ ಮೊದಲು ಕಳಚುತ್ತದೆ. ಫೆವಿಕಾಲ್ ಅನ್ನು ಸಣ್ಣ ಬ್ರಶ್ಶಿನಲ್ಲಿ ತೆಳ್ಳಗೆ ಸವರಿ ರಾತ್ರಿಯಿಡೀ ಭಾರ ಇಡಿ. ದಪ್ಪ ಹಚ್ಚಿದರೆ ಪಕ್ಕದ ಪುಟವೂ ಅಂಟುತ್ತದೆ. ಧಾರವಾಡದ ಮಳೆಗಾಲದಲ್ಲಿ ದಪ್ಪ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು.

ಕೊಳ್ಳುವುದಾದರೆ ಮೊದಲೆರಡನ್ನು ಜೋಡಿಯಾಗಿಯೇ ತನ್ನಿ. ಎರಡನೆಯದರ ಹೆಸರು ‘ಟೇಕ್ ದ ಪ್ಲಂಜ್’. ಕತೆ ಒಂದರಿಂದ ಒಂದಕ್ಕೆ ಹರಿಯುತ್ತದೆ, ನಡುವಿನದು ಮೊದಲು ಸಿಕ್ಕರೆ ಯಾರು ಯಾರಿಗೆ ವೈರಿ ಎಂಬುದೇ ತಿಳಿಯುವುದಿಲ್ಲ. ಇಂಗ್ಲಿಷ್ ಮಾಧ್ಯಮದ ನಾಲ್ಕನೇ ಇಯತ್ತೆಯವರು ಒಬ್ಬರೇ ಓದಿಕೊಳ್ಳುತ್ತಾರೆ. ಕನ್ನಡ ಮಾಧ್ಯಮದವರಿಗೆ ಆರರಿಂದ ಎಂಟನೇ ಇಯತ್ತೆ ಸರಿಯಾದ ಹೊತ್ತು, ಮೊದಲ 30 ಪುಟಕ್ಕೆ ಮಾತ್ರ ದೊಡ್ಡವರೊಬ್ಬರು ಜೊತೆಗೆ ಕೂಡಬೇಕು.