‘ವಿಷ ಹೊರಗೆ ಹೋಗ್ತಿದೆ’ ಅಂದರೆ ಅಲ್ಲೇ ಎಚ್ಚೆತ್ತುಕೊಳ್ಳಿ

ಟೈಪ್ 1 ಮಧುಮೇಹ ಇರುವವರು ಯಾವುದೋ ಹೀಲಿಂಗ್ ಶಿಬಿರ ಸೇರಿ ಇನ್ಸುಲಿನ್ ಬಿಟ್ಟಾಗ ಆಗುವುದು ಹೆಚ್ಚುಕಡಿಮೆ ಹೀಗೆಯೇ. ಮೊದಲ ದಿನ ಏನೂ ಆಗುವುದಿಲ್ಲ. ಹಿಂದಿನ ರಾತ್ರಿ ಚುಚ್ಚಿಕೊಂಡ ಗ್ಲಾರ್ಜಿನ್ ಎಂಬ ನಿಧಾನದ ಇನ್ಸುಲಿನ್ ಸುಮಾರು 24 ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ. ‘ನೋಡಿದಿರಾ, ಸೂಜಿ ಇಲ್ಲದೆಯೂ ಚೆನ್ನಾಗಿದ್ದೀರಿ’ ಎಂಬ ಮಾತು ಶಿಬಿರದವರಿಂದ ಬರುವುದು ಆಗಲೇ. ಎರಡನೇ ದಿನ ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ, ಪದೇ ಪದೇ ಮೂತ್ರ. ‘ದೇಹ ಶುದ್ಧಿಯಾಗ್ತಿದೆ.’ ಆಮೇಲೆ ಹೊಟ್ಟೆನೋವು, ವಾಂತಿ. ‘ವಿಷ ಹೊರಗೆ ಹೋಗ್ತಿದೆ.’ ಆಮೇಲೆ ಓಡಿಬಂದವರಂತೆ ಆಳವಾದ, ಬಿಡುವಿಲ್ಲದ ಉಸಿರು. ಆ ಉಸಿರಿನಲ್ಲಿ ಉಗುರುಬಣ್ಣ ಅಳಿಸುವ ದ್ರವದ ವಾಸನೆ. ಕೊನೆಗೆ ಮಂಪರು. ಅದನ್ನೂ ‘ಗಾಢ ವಿಶ್ರಾಂತಿ’ ಎಂದುಕೊಂಡು ಹೊದಿಕೆ ಹೊದಿಸಿ ಬಿಟ್ಟರೆ ಆ ರೋಗಿ ನೇರ ಐಸಿಯು ಸೇರಬೇಕಾಗುತ್ತದೆ, ಇಲ್ಲವೇ ಆಸ್ಪತ್ರೆ ಮುಟ್ಟುವುದೇ ಇಲ್ಲ.

ಇದರಲ್ಲಿ ಹೊರಗೆ ಹೋಗುತ್ತಿರುವುದು ವಿಷವಲ್ಲ, ನೀರು, ಸೋಡಿಯಂ, ಪೊಟ್ಯಾಸಿಯಂ. ಇನ್ಸುಲಿನ್ ಇಲ್ಲದಾಗ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ಸ್ನಾಯುಗಳಿಗೆ ಅದು ದಕ್ಕುವುದಿಲ್ಲ. ಕೊಬ್ಬು ಕರಗುತ್ತದೆ, ಯಕೃತ್ತು ಅದನ್ನು ಕೀಟೋನ್ ಮಾಡುತ್ತದೆ, ಕೀಟೋನ್ ಆಮ್ಲ. ರಕ್ತದ ಪಿಎಚ್ (ಆಮ್ಲತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 7.3ಕ್ಕಿಂತ ಕೆಳಗಿಳಿಯುತ್ತದೆ. ಆ ಆಮ್ಲವನ್ನು ಇಂಗಾಲದ ಡೈಆಕ್ಸೈಡ್ ರೂಪದಲ್ಲಾದರೂ ಊದಿ ಹಾಕೋಣವೆಂದು ಶ್ವಾಸಕೋಶ ಪಡುವ ಪಾಡೇ ಆ ಆಳದ ಉಸಿರು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಇನ್ಸುಲಿನ್ ಚುಚ್ಚುವವರೆಗೆ ಈ ಕಾಯಿಲೆಯ ಮಕ್ಕಳಿಗೆ ಬದುಕುವ ದಾರಿಯೇ ಇರಲಿಲ್ಲ. ಆ ಹುಡುಗ ಆಮೇಲೆ 13 ವರ್ಷ ಬದುಕಿದ.

ಸಮಗ್ರ ಚಿಕಿತ್ಸೆ ಎಂಬ ಹೆಸರಿನಲ್ಲಿ ನಡೆಯುವುದೆಲ್ಲ ಕೆಟ್ಟದ್ದು ಎಂಬ ಮಾತು ಇದಲ್ಲ. ಧ್ಯಾನ, ಮಸಾಜ್, ನಿದ್ದೆಯ ಶಿಸ್ತು ಆತಂಕವನ್ನು ಇಳಿಸಬಲ್ಲವು, ಕೆಲವು ಬಗೆಯ ನೋವನ್ನೂ. ಜನ ಅತ್ತ ಹೋಗುವುದಕ್ಕೂ ಕಾರಣವಿದೆ: ಪರದೆಯಿಂದ ತಲೆ ಎತ್ತದೆ ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ವೈದ್ಯರ ಎದುರು, ಒಂದು ಗಂಟೆ ಕೂತು ಕೇಳಿಸಿಕೊಳ್ಳುವವರು ದೊಡ್ಡವರಾಗಿ ಕಾಣುವುದು ಸಹಜ. ಆ ದೂರು ನ್ಯಾಯವಾದದ್ದೇ. ಅಪಾಯ ಇರುವುದು ‘ಹೀಲಿಂಗ್ ಕ್ರೈಸಿಸ್’, ಅಂದರೆ ಗುಣವಾಗುವ ಮುನ್ನ ಕಾಯಿಲೆ ಉಲ್ಬಣಿಸಲೇಬೇಕು ಎಂಬ ಒಂದು ಮಾತಿನಲ್ಲಿ. ವಾಸಿಯಾದರೆ ಚಿಕಿತ್ಸೆ ಫಲಿಸಿತು, ಹೆಚ್ಚಾದರೆ ಚಿಕಿತ್ಸೆ ಕೆಲಸ ಮಾಡ್ತಿದೆ. ಹಾಗಾದರೆ ಚಿಕಿತ್ಸೆ ಸೋತಿದೆ ಎಂದು ತಿಳಿಯುವುದು ಯಾವಾಗ? ಅದಕ್ಕೆ ಅಲ್ಲಿ ಉತ್ತರವೇ ಇಲ್ಲ.

ಆಧುನಿಕ ವೈದ್ಯವೂ ತಪ್ಪು ಮಾಡಿದೆ, ದೊಡ್ಡ ತಪ್ಪುಗಳನ್ನೇ. ಹೃದಯಾಘಾತವಾದವರಿಗೆ ಎದೆಬಡಿತದ ಏರುಪೇರು ತಗ್ಗಿಸಲು ಎನ್‌ಕೈನೈಡ್, ಫ್ಲೆಕೈನೈಡ್ ಕೊಡಲಾಗುತ್ತಿತ್ತು. ಇಸಿಜಿ ಚೆನ್ನಾಗಿ ಕಾಣುತ್ತಿತ್ತು, ವೈದ್ಯರಿಗೆ ನಂಬಿಕೆಯೂ ಇತ್ತು. ಔಷಧವಿಲ್ಲದ ಹುಸಿಗುಳಿಗೆಯ ಜೊತೆ ಹೋಲಿಸಿ ಸಾವುಗಳನ್ನು ಎಣಿಸಿದಾಗ ಔಷಧ ತಗೊಂಡವರಲ್ಲೇ ಹೆಚ್ಚು ಸಾವು. 1989ರಲ್ಲಿ ಪ್ರಯೋಗದ ಆ ಭಾಗವನ್ನು ನಡುವೆಯೇ ನಿಲ್ಲಿಸಿದರು. ಯಾವುದನ್ನು ಸೋಲು ಎನ್ನಬೇಕು ಎಂದು ಮೊದಲೇ ಬರೆದಿಟ್ಟಿದ್ದರಿಂದ ಮಾತ್ರ ಅದು ಗೊತ್ತಾಯಿತು.

‘ಆದರೆ ನನಗೆ ನಿಜವಾಗಿಯೂ ಹಾಯೆನಿಸಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. 2011ರಲ್ಲಿ ಪ್ರಕಟವಾದ ಒಂದು ಆಸ್ತಮಾ ಅಧ್ಯಯನದಲ್ಲಿ ಅದೇ ರೋಗಿಗಳಿಗೆ ಬೇರೆ ಬೇರೆ ದಿನ ಸಾಲ್‌ಬುಟಮಾಲ್ ಇನ್ಹೇಲರ್, ಔಷಧವಿಲ್ಲದ ಇನ್ಹೇಲರ್, ನಕಲಿ ಅಕ್ಯುಪಂಕ್ಚರ್ ಕೊಟ್ಟರು. ಇನ್ನೊಂದು ದಿನ ಏನೂ ಕೊಡಲಿಲ್ಲ. ಎಷ್ಟು ಗುಣ ಕಂಡಿತು ಎಂದು ಕೇಳಿದರೆ ಮೊದಲ ಮೂರಕ್ಕೂ ಉತ್ತರ ಹತ್ತಿರಹತ್ತಿರ: ಶೇ 50, 45, 46. ಉಸಿರು ಊದಿಸಿ ಅಳೆದಾಗ ಮಾತ್ರ ನಿಜವಾದ ಔಷಧದಿಂದ ಶೇ 20ರಷ್ಟು ಸುಧಾರಣೆ, ಉಳಿದ ಮೂರರಲ್ಲೂ ಸುಮಾರು ಶೇ 7. ಅಂದರೆ ಎದೆ ಹಗುರವೆನಿಸಿದರೂ ಶ್ವಾಸನಾಳ ಬಿಗಿದೇ ಇತ್ತು, ಬೂದಿ ಮುಚ್ಚಿದ ಕೆಂಡದ ಹಾಗೆ. ಆಸ್ತಮಾ ಇರುವವರು ಯಾವ ಪದ್ಧತಿಗಾದರೂ ಹೋಗಿ, ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಕೈಬಿಡಬೇಡಿ. ಮೂರು ಸಲ ಊದಿ, ಹೆಚ್ಚಿನದ್ದನ್ನು ಬರೆದುಕೊಳ್ಳಿ. ನಿಮ್ಮ ಅತ್ಯುತ್ತಮ ಅಂಕಿಯ ಅರ್ಧಕ್ಕಿಂತ ಕೆಳಗೆ ಬಂದರೆ, ಹೇಗನಿಸಿದರೂ ಸರಿ, ಅದು ತುರ್ತು.

ಔಷಧ ಬಿಟ್ಟ ಮೇಲೆ ‘ಏನೂ ಆಗಲಿಲ್ಲ’ ಎನ್ನುವ ಅವಧಿ ಒಂದೊಂದಕ್ಕೂ ಬೇರೆ. ಮೋಸ ಹೋಗುವುದು ಇಲ್ಲೇ. ಥೈರಾಯ್ಡ್ ಕೊರತೆಗೆ ಕೊಡುವ ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 7 ದಿನ ಬೇಕು, ಹಾಗಾಗಿ ಎರಡು ಮೂರು ವಾರ ತಾನು ಗುಣವಾದೆ ಎಂದೇ ಅನಿಸುತ್ತದೆ. 6 ವಾರಕ್ಕೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ನೋಡದೆ ಏನನ್ನೂ ಹೇಳಲಾಗದು. ಅಪಸ್ಮಾರದ ಮಾತ್ರೆ ತಟ್ಟನೆ ನಿಲ್ಲಿಸಿದರೆ ದಿನಗಳಲ್ಲೇ ಬಿಡದ ಫಿಟ್ಸ್ ಬರಬಹುದು, 5 ನಿಮಿಷ ಮೀರಿದ ಫಿಟ್ಸ್ ಪ್ರಾಣಕ್ಕೆ ಎರವು. ಹೃದಯದ ಕಾಯಿಲೆ ಇರುವವರು ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಒಮ್ಮೆಲೇ ಬಿಟ್ಟರೆ ಎದೆನೋವು ಮರುಕಳಿಸಬಹುದು. ಮಧುಮೇಹಕ್ಕೆ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ತೊಂದರೆ ತಿರುಗಾಮುರುಗಾ: ಮಾತ್ರೆ ಮುಂದುವರಿಸುತ್ತಲೇ ದೀರ್ಘ ಉಪವಾಸದ ಡಿಟಾಕ್ಸ್ ಮಾಡಿದರೆ ಮೇಲೆ ಹೇಳಿದ ಅದೇ ಆಮ್ಲತೆ ಬರಬಹುದು, ಅದೂ ಸಕ್ಕರೆ ಸರಿಸುಮಾರು ನಾರ್ಮಲ್ ಇರುವಾಗ. ಗ್ಲುಕೋಮೀಟರ್ ನೋಡಿ ಸಮಾಧಾನಪಡಬೇಡಿ, ಕೀಟೋನ್ ನೋಡಿಸಿ.

ಪುಡಿ, ಗುಳಿಗೆಗಳ ವಿಷಯ. ಹೆಸರಿಲ್ಲದ ಪುಡಿಯಿಂದ ಕೀಲುನೋವೋ ಉಬ್ಬಸವೋ ಎರಡೇ ದಿನದಲ್ಲಿ ಮಾಯವಾಯಿತೆಂದರೆ, ಅದರಲ್ಲಿ ಸ್ಟೆರಾಯ್ಡ್ ಬೆರೆತಿದೆಯೇ ಎಂದು ಮೊದಲು ಅನುಮಾನಿಸಿ. ವಾರಗಳಲ್ಲಿ ಹಸಿವು ಹೆಚ್ಚುತ್ತದೆ, ಮುಖ ದುಂಡಗಾಗುತ್ತದೆ, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುತ್ತದೆ, ಸಕ್ಕರೆ ಏರುತ್ತದೆ. ಆದರೆ ಸಿಟ್ಟಿನಿಂದ ಅದನ್ನು ಥಟ್ಟನೆ ಬಿಸಾಡುವುದು ಇನ್ನೂ ಅಪಾಯ. ಮೂರು ನಾಲ್ಕು ವಾರ ಹೊರಗಿನ ಸ್ಟೆರಾಯ್ಡ್ ಸಿಕ್ಕರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನದೇ ಸ್ಟೆರಾಯ್ಡ್ ಆದ ಕಾರ್ಟಿಸೋಲ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ನಿಲ್ಲಿಸಿದೊಡನೆ ಸುಸ್ತು, ವಾಂತಿ, ಬಿಪಿ ಕುಸಿತ. ಬೆಳಗ್ಗೆ 8ರ ಹೊತ್ತಿನ ಕಾರ್ಟಿಸೋಲ್ ಪರೀಕ್ಷೆ ಮಾಡಿಸಿ, ವೈದ್ಯರ ಕೈಕೆಳಗೆ ಹಂತಹಂತವಾಗಿ ಇಳಿಸಬೇಕು. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ), ಸೈಕ್ಲೋಸ್ಪೊರಿನ್ (ಅಂಗಕಸಿ ಆದವರ ಔಷಧ), ಗರ್ಭನಿರೋಧಕ ಮಾತ್ರೆಗಳ ಬಲ ಕುಗ್ಗಿಸುತ್ತದೆ. ಕೂದಲಿಗೆಂದು ನುಂಗುವ 5–10 ಮಿಲಿಗ್ರಾಂ ಬಯೋಟಿನ್ ಎಂಬ ವಿಟಮಿನ್ ಕೆಲವು ಲ್ಯಾಬ್ ವಿಧಾನಗಳಲ್ಲಿ ಥೈರಾಯ್ಡ್ ವರದಿಯನ್ನು ತಲೆಕೆಳಗು ಮಾಡುತ್ತದೆ, ಹೃದಯಾಘಾತ ಗುರುತಿಸುವ ಟ್ರೊಪೋನಿನ್ ಅನ್ನು ಸುಳ್ಳೇ ಕಡಿಮೆ ತೋರಿಸುತ್ತದೆ.

ಕ್ಯಾನ್ಸರ್ ಬಗ್ಗೆ ಒಂದೇ ಮಾತು. ಗುಣಪಡಿಸಬಹುದಾದ ಹಂತದಲ್ಲೇ ಪರ್ಯಾಯ ಚಿಕಿತ್ಸೆಯೊಂದನ್ನೇ ಆಯ್ದುಕೊಂಡ 281 ಜನರ ಅಧ್ಯಯನ 2018ರಲ್ಲಿ ಬಂತು. ರೂಢಿಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಸಾವಿನ ಅಪಾಯ ಒಟ್ಟಾರೆ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗೂ ಹೆಚ್ಚು.

ಯಾವ ಹೀಲರ್ ಬಳಿಗಾದರೂ ಹೋಗುವ ಮುನ್ನ ಒಂದು ಹಾಳೆಯಲ್ಲಿ ಮೂರು ಸಾಲು ಬರೆಸಿಕೊಳ್ಳಿ. ಯಾವ ಅಂಕಿ ಬದಲಾಗಬೇಕು: ಬಿಪಿಯೋ, ಎಚ್‌ಬಿಎ1ಸಿಯೋ (ತಿಂಗಳುಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ), ಗಡ್ಡೆಯ ಅಳತೆಯೋ. ಯಾವ ತಾರೀಖಿನೊಳಗೆ, ಎಚ್‌ಬಿಎ1ಸಿ ಆದರೆ 3 ತಿಂಗಳಿಗೆ ಮುಂಚೆ ನೋಡಿ ಪ್ರಯೋಜನವಿಲ್ಲ. ಯಾವ ಲಕ್ಷಣ ಕಂಡರೆ ಚಿಕಿತ್ಸೆ ನಿಲ್ಲಿಸಬೇಕು. ಇನ್ಸುಲಿನ್ ಬಿಡಿ, ಮಾತ್ರೆ ಬಿಡಿ ಎನ್ನುವವರಿಗೆ ಅದನ್ನೂ ಬರೆದು ಸಹಿ ಹಾಕಿಕೊಡಿ ಎನ್ನಿ. ಹಿಂದೆ ಸರಿದರೆ ನೀವೂ ಅಲ್ಲಿಂದ ಎದ್ದುಬನ್ನಿ.

ಈಗಾಗಲೇ ಇನ್ಸುಲಿನ್ ಬಿಟ್ಟಾಗಿದ್ದರೆ ರಕ್ತದ ಕೀಟೋನ್ ಪರೀಕ್ಷಿಸಿ: ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ 0.6ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯ, 1.5 ದಾಟಿದರೆ ಕೂಡಲೇ ವೈದ್ಯರಿಗೆ ಫೋನ್ ಮಾಡಿ, 3 ಮುಟ್ಟಿದರೆ ನೇರ ತುರ್ತು ವಿಭಾಗಕ್ಕೆ. ವಾಂತಿಯಾಗುತ್ತಿದ್ದರೆ ಅಂಕಿಗೆ ಕಾಯಲೇಬೇಡಿ. ಹೋದಾಗ ಯಾವ ಔಷಧ, ಯಾವ ದಿನ, ಎಷ್ಟು ಹೊತ್ತಿಗೆ ಬಿಟ್ಟಿರಿ ಎಂಬುದನ್ನು ಮುಚ್ಚಿಡದೆ ಹೇಳಿ; ಬೈಸಿಕೊಂಡರೂ ಪರವಾಗಿಲ್ಲ. ಕೊಟ್ಟಿದ್ದ ಪುಡಿ, ಕಷಾಯ, ಗುಳಿಗೆ ಏನಿದ್ದರೂ ಚೀಟಿ ಇಲ್ಲದಿದ್ದರೂ ಡಬ್ಬಿ ಸಮೇತ ಒಯ್ಯಿರಿ. ಅದರಲ್ಲಿ ಏನಿದೆ ಎಂದು ಲ್ಯಾಬ್‌ನಲ್ಲಿ ನೋಡಿಸಬಹುದು.